ಆನೆಯ ಹಿಂಗಾಲು

"ಏಯ್ ಹಿಂಗಾಲು! ಒಳಗೆ ಸತ್ತಿದೀಯೋ ಬದುಕಿದೀಯೋ? ಕುಂಡಿ ಎತ್ತೇ ಮುಂಡೇದೇ!"

ಕೂಗಿದವನು ನಗುಮಾಮ. ಹಳದಿ ಕೋಟು, ಕೆಂಪು ಟೋಪಿ, ಎರಡೂ ಕೆನ್ನೆಯ ಮೇಲೆ ಗುಂಡಗೆ ಬರೆದ ಗುಲಾಬಿ ಚುಕ್ಕೆ. ನಿಮ್ಮ ಮನೆಯಲ್ಲಿ ಎರಡು ಮೂರು ವರ್ಷದ ಕೂಸಿದ್ದರೆ ಇವನ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೂಸು ಊಟಕ್ಕೆ ಹಟ ಮಾಡಿದಾಗ ನೀವು ಫೋನು ಎದುರಿಗಿಟ್ಟು, ಅದು ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗ ತುತ್ತು ತುರುಕುತ್ತೀರಲ್ಲ, ಆ ಹಾಡು, ಆ ಕುಣಿತ, ಆ ಜೇನಿನಂಥ ದನಿ ಎಲ್ಲ ಇವನದೇ. ಜೇನು ಕ್ಯಾಮೆರಾ ಓಡುವಾಗ ಮಾತ್ರ. ಕ್ಯಾಮೆರಾ ನಿಂತಿತೋ, ಬಾಯಿ ಬಿಟ್ಟರೆ ಈಗ ಕೇಳಿದಿರಲ್ಲ, ಆ ಥರದ ಮಾತೇ.

ಬೈಸಿಕೊಂಡವಳು ಆನೆಯ ಹಿಂಗಾಲು. ಅವಳಿಗೆ ಹೆತ್ತವರಿಟ್ಟ ಹೆಸರೊಂದಿತ್ತು. ಆ ತಗಡಿನ ಶೆಡ್ಡಿನೊಳಗೆ ಅದು ಯಾರಿಗೂ ಬೇಕಾಗಿರಲಿಲ್ಲ. ಬೂದು ಬಣ್ಣದ ದಪ್ಪ ಬಟ್ಟೆಯ ಆನೆ, ಒಳಗೆ ಇಬ್ಬರು. ಮುಂದಿನವರ ತಲೆಯ ಮೇಲೆ ಆನೆಯ ತಲೆ, ಅದರ ಬಾಯಿಯ ಸಂದಿಯಿಂದ ಒಂದಿಷ್ಟು ಗಾಳಿ, ಒಂದಿಷ್ಟು ಬೆಳಕು. ಹಿಂದಿನವರು ಸೊಂಟ ಬಗ್ಗಿಸಿ, ಮುಂದಿನವರ ಬೆಲ್ಟು ಹಿಡಿದು, ಕತ್ತಲೆಯಲ್ಲಿ ತಮ್ಮ ಬೆವರು ತಾವೇ ಕುಡಿಯುತ್ತಾ ಕುಣಿಯಬೇಕು. ಆನೆಯ ಹೊಟ್ಟೆಯ ಜಿಪ್ಪು ಹೊರಗಿನಿಂದಲೇ ತೆಗೆಯಬೇಕು, ಹೊರಗಿನಿಂದಲೇ ಹಾಕಬೇಕು. ಒಂದಕ್ಕೆ ಬಂದರೂ ಮಾಮನ ಮನಸ್ಸು ಕರಗಬೇಕು.

ಮುಂಗಾಲು ಯಾರೆಂದರೆ ಅವಳ ಅತ್ತೆ. ಅತ್ತೆ ಮುಂದೆ, ಸೊಸೆ ಹಿಂದೆ. ಮನೆಯಲ್ಲೂ ಇದೇ ಕ್ರಮವಾದ್ದರಿಂದ ಕೆಲಸ ಕಲಿಯಲು ಕಷ್ಟವೇನೂ ಆಗಲಿಲ್ಲ. ಹಿಂಗಾಲಿಗೆ ಕಣ್ಣಿಲ್ಲ. ಆದ್ದರಿಂದ ಅತ್ತೆ ಕ್ಷಣ ಬಿಡದೆ ಪಿಸುಗುಡುತ್ತಿರಬೇಕು: ಎಡಕ್ಕೆ ಬಾ, ವೈರು ಇದೆ ದಾಟು, ತಿರುಗು, ಕಾಲೆತ್ತು. ಹಾಡು ಜೋರಾಗಿರುವುದರಿಂದ ಹೊರಗೆ ಏನೂ ಕೇಳುವುದಿಲ್ಲ. ನಡುನಡುವೆ ಮನೆಯ ಜಗಳವನ್ನೂ ಮುಂದುವರಿಸಬಹುದು.

"ಅತ್ತೇ, ಬೆಳಗ್ಗೆ ಏನು ತಿಂದ್ರಿ ನೀವು?"

"ನಿನ್ನೆ ಬೇಯಿಸಿದ ಕಾಳು ಉಳಿದಿತ್ತಲ್ಲ, ಅದೇ. ಬಲಕ್ಕೆ ಬಾ. ಯಾಕೆ?"

"ಯಾಕೆ ಅಂತೀರಲ್ಲ! ನಾನಿರೋ ಜಾಗದಲ್ಲಿ ನಿಮ್ಮ ಮೂಗಿದ್ದಿದ್ರೆ ಹಾಗೆ ಕೇಳ್ತಿರಲಿಲ್ಲ."

"ವಯಸ್ಸಾದ ಹೊಟ್ಟೆ ಕಣೇ, ನನ್ನ ಮಾತು ಕೇಳುತ್ತಾ? ಹೊಟ್ಟೇಲಿರೋ ಗಾಳಿ ಬಿಡು, ಮನೇಲಿರೋ ಸೊಸೇನೇ ಕೇಳಲ್ಲ. ತಿರುಗು ತಿರುಗು, ಬಂತು ನೋಡು, ಬಂತು!"

ಬಂದದ್ದು ಹಾಡಿನ ಕೊನೆಯ ಸಾಲು. ನಿಮಗೆ ಬಾಯಿಪಾಠವೇ ಇರಬೇಕು:

ದಪ್ಪ ಆನೆ, ದೊಗಳೆ ಆನೆ,
ಥಕಥೈ ಕುಣಿ ಜಾಣ ಆನೆ,
ಬಗ್ಗಿ ನಿಂತ ಸೋಮಾರಾನೆ,
ಬಿತ್ತು ನೋಡು ಢಂ!

ಢಂ ಎನ್ನುವಲ್ಲಿ ಮಾಮ ಹೂವಿನ ಚಿತ್ರ ಬರೆದ ಹಳದಿ ಸೌಟಿನಿಂದ ಆನೆಯ ಹಿಂಬದಿಗೆ ಬಾರಿಸುತ್ತಾನೆ. ಆನೆ ಎಗರಿ ಬೀಳುತ್ತದೆ. ನಿಮ್ಮ ಮಕ್ಕಳು ಕೇಕೆ ಹಾಕುತ್ತವೆ, ಆಗಲೇ ತುತ್ತು ಒಳಗೆ ಹೋಗುತ್ತದೆ. ಮೊದಮೊದಲು ಸೌಟು ಸ್ಪಂಜಿನದಾಗಿತ್ತು. ಆಮೇಲೆ ಮಾಮನಿಗೆ ಅದು ರುಚಿಸಲಿಲ್ಲ. "ನಿನಗೆ ನಟನೆ ಬರಲ್ಲ ಹಿಂಗಾಲು. ಬಿದ್ದಾಗ ಬರೋ ಎಗರು ಬೇರೆ, ಸುಮ್ಮನೆ ಎಗರೋದು ಬೇರೆ. ಮಕ್ಕಳಿಗೆ ಮೋಸ ಮಾಡಬಾರದು," ಎಂದು ಮರದ ಸೌಟು ಮಾಡಿಸಿದ. ಎಂಥ ಪ್ರಾಮಾಣಿಕ ಮನುಷ್ಯ ನೋಡಿ! ಅಂದಿನಿಂದ ಹಾಡು ಹತ್ತಿಕೊಂಡಿತು. ಊರೂರಿನ ಫೋನುಗಳಲ್ಲಿ ಅದೇ ಢಂ. ಹಿಂಗಾಲು ಮಾತ್ರ ಮಲಗಿದರೆ ಬೋರಲು, ಕೂತರೆ ಒಂದೇ ಮಗ್ಗುಲಿಗೆ.

ಆ ದಿನ ಢಂ ಬಿದ್ದಾಗ ಅವಳು ಎಗರಲಿಲ್ಲ. ನಿನ್ನೆ ಬಿದ್ದ ಜಾಗದ ಮೇಲೇ ಬಿದ್ದು ಜೀವವೇ ಬಾಯಿಗೆ ಬಂದು ಹಾಗೇ ಮುದುರಿ ನಿಂತಿದ್ದಳು. ಅದಕ್ಕೇ ನೀವು ಮೊದಲು ಕೇಳಿದ ಆ ಬೈಗುಳ. ಕುಂಡಿ ಎತ್ತಿದಳು. ಇನ್ನೊಂದು ಬಿತ್ತು. ಈ ಸಲ ಎಗರು ಚೆನ್ನಾಗಿ ಬಂತಂತೆ.

ಊಟದ ಬಿಡುವಿನಲ್ಲಿ ಜಿಪ್ಪು ತೆಗೆದಾಗ ಅವಳು ನೇರ ಮಾಮನ ಕುರ್ಚಿಯ ಹತ್ತಿರ ಹೋದಳು. ಅತ್ತೆ ಸೆರಗು ಹಿಡಿದು ಎಳೆದಳು, ಅವಳು ನಿಲ್ಲಲಿಲ್ಲ. ಮಾಮನ ಪಕ್ಕದಲ್ಲಿ ಮೇಡಂ ಕೂತಿದ್ದರು. ಮೇಡಂ ಮಕ್ಕಳ ಮನಸ್ಸನ್ನು ಓದಿಕೊಂಡವರು. ಪ್ರತಿ ಹಾಡಿನ ಕೊನೆಯಲ್ಲಿ ತಜ್ಞರ ಸಲಹೆ ಪಡೆದಿದೆ ಎಂದು ಬರುತ್ತದಲ್ಲ, ಆ ತಜ್ಞರು ಇವರೇ.

"ಸಾರ್, ಸೌಟು ಸ್ಪಂಜಿಂದೇ ಮಾಡಿ. ಇಲ್ಲಾಂದ್ರೆ ಢಂ ತೆಗೆದ್ಬಿಡಿ. ನಿಜವಾಗ್ಲೂ ನೋಯುತ್ತೆ ಸಾರ್."

ಮಾಮ ಮೇಡಂ ಕಡೆ ನೋಡಿದ. ಮೇಡಂ ನಕ್ಕರು. ಬಹಳ ಒಳ್ಳೆಯ ನಗು.

"ನೋಡಮ್ಮ, ನಿನಗೆ ಇದು ಏಟು. ಮಗುವಿನ ಮೆದುಳಿಗೆ ಇದು ಕಾರಣ ಮತ್ತು ಪರಿಣಾಮ. ಒಂದು ಮಾಡಿದ್ರೆ ಇನ್ನೊಂದು ಆಗುತ್ತೆ ಅನ್ನೋದನ್ನ ಮಗು ಕಲಿಯೋದೇ ಹೀಗೆ."

"ನನಗೂ ಅದೇ ಆಗಿರೋದು ಮೇಡಂ. ಅವರು ಕಾರಣ, ನಾನು ಪರಿಣಾಮ. ಕೂರಕ್ಕಾಗ್ತಿಲ್ಲ."

ಕ್ಯಾಮೆರಾದವನು ಕಿಸಕ್ಕನೆ ನಕ್ಕ. ಮಾಮನ ಗುಲಾಬಿ ಚುಕ್ಕೆಗಳು ಸಿಟ್ಟಿಗೆ ಕೆಂಪಾದ ಮುಖದಲ್ಲೇ ಕರಗಿಹೋದವು.

"ನಾಲಿಗೆ ಉದ್ದ ಆಯ್ತಾ ಬೋಳಿಮಗಳೇ? ನಿನ್ನ ಮುಖ ಯಾರಿಗೆ ಬೇಕಾಗಿದೆ ಇಲ್ಲಿ? ಬಗ್ಗಕ್ಕೆ ಬರೋರು ಬೀದಿ ತುಂಬ ಸಿಗ್ತಾರೆ. ನೀನು ಹೋದ್ರೆ ನಿನ್ನತ್ತೇನೂ ಹೊತ್ಕೊಂಡು ಹೋಗು. ಅರ್ಧ ಆನೆ ಇಟ್ಕೊಂಡು ನಾನೇನು ಪೂಜೆ ಮಾಡ್ಲಾ?"

"ಇಲ್ಲ ಸ್ವಾಮಿ, ಹುಡುಗಿ ಏನೋ ಬುದ್ಧಿಯಿಲ್ಲದೆ ಅಂದ್ಲು," ಅತ್ತೆ ಓಡಿಬಂದು ಕೈಮುಗಿದಳು. ಆನೆಯ ಮುಂಗಾಲಿನ ಉಗುರುಗಳು ಇನ್ನೂ ಅವಳ ಪಾದದ ಮೇಲೇ ಇದ್ದವು. "ಆಟದಲ್ಲಿ ಒಂದೇಟು ಬಿದ್ರೆ ಏನು ಗಂಟು ಹೋಗುತ್ತೆ? ನಾನು ಹೇಳ್ತೀನಿ ಅವಳಿಗೆ."

ಹೇಳಿದಳು ಕೂಡ. ದಾರಿಯುದ್ದಕ್ಕೂ ಹೇಳಿದಳು. ಇಡೀ ಮನೆ ನಿಂತಿರುವುದು ಆ ಆನೆಯ ನಾಲ್ಕು ಕಾಲಿನ ಮೇಲೆ, ನಿನ್ನ ಗಂಡ ಲಾರಿ ಹತ್ತಿ ಹೋದರೆ ಹೋದ, ಬಂದರೆ ಬಂದ, ಅವನನ್ನು ನಂಬಿ ಒಲೆ ಹಚ್ಚುವಂತಿಲ್ಲ, ನಿನಗೆ ಚರ್ಮ ತೆಳ್ಳಗಾಗಿದೆ, ನಮ್ಮ ಕಾಲದಲ್ಲಿ ಹೀಗಿರಲಿಲ್ಲ. ಸೊಸೆ ಒಂದೇ ಮಾತು ಕೇಳಿದಳು: "ಒಂದಿನ ನೀವು ಹಿಂದೆ ಬರ್ತೀರಾ?" ಅತ್ತೆಗೆ ತಕ್ಷಣ ಮೊಣಕಾಲು ನೋವು ಬಂತು.

ಬೀದಿಯ ತಿರುವಿನಲ್ಲಿ ಗಲಾಟೆ. ಕಸ ಗುಡಿಸುವವಳು ಪೊರಕೆ ಎತ್ತಿಕೊಂಡು ನಿಂತಿದ್ದಳು, ಎದುರಿಗೆ ಹಿಂಗಾಲಿನ ಮಗಳು. ಮೂರು ವರ್ಷದ ಆ ಕೂಸನ್ನು ಬೀದಿಯೆಲ್ಲ ಪಟಾಕಿ ಎಂದೇ ಕರೆಯುವುದು. ಕೈಯಲ್ಲಿ ಮನೆಯ ಸೌಟು. ಹಗಲಿಡೀ ಪಟಾಕಿಯನ್ನು ನೋಡಿಕೊಳ್ಳುವುದು ಪಕ್ಕದ ಮನೆಯ ಹೊಲಿಗೆಯವಳು. ಅವಳು ಫೋನು ಹಚ್ಚಿ ಕೂಸಿನ ಮುಂದಿಟ್ಟು ತನ್ನ ಮಿಷನ್ ತುಳಿಯುತ್ತಾಳೆ. ಅವಳೂ ಪಾಪ ಏನು ಮಾಡಿಯಾಳು?

"ನೋಡ್ರವ್ವಾ ನಿಮ್ಮ ಮಗಳ ಚಂದ!" ಎಂದಳು ಗುಡಿಸುವವಳು. "ಬಗ್ಗಿ ಮೋರಿ ಕಸ ಎತ್ತುತಿದೀನಿ, ಹಿಂದಿಂದ ಬಂದು ಢಂ! ಇವಳೊಬ್ಬಳೇ ಅಲ್ಲ ಬಿಡಿ. ಯಾವ ಬೀದಿಗೆ ಹೋದ್ರೂ ಚಿಳ್ಳೆಪಿಳ್ಳೆಗಳು ಕಾಯ್ಕೊಂಡಿರ್ತವೆ. ಆ ದೊಡ್ಡ ಮನೆಗಳಲ್ಲಿ ನೆಲ ಒರೆಸೋಳು, ಪಾಪ, ಗೋಡೆಗೆ ಬೆನ್ನು ಕೊಟ್ಕೊಂಡು ಒರೆಸ್ತಾಳೆ. ಬಗ್ಗಿ ಕೆಲಸ ಮಾಡೋರಿಗೆ ಈ ಊರಲ್ಲಿ ಉಳಿಗಾಲ ಇಲ್ಲ ಕಣ್ರೀ. ಯಾವ ಹಲ್ಕಾ ನನ್ಮಗ ಆ ಹಾಡು ಕಟ್ಟಿದ್ನೋ, ಅವನ ಕೈ ಸೇದಿಹೋಗ!"

ಹಿಂಗಾಲಿಗೆ ತಲೆ ಎತ್ತಲಾಗಲಿಲ್ಲ. ಮಗಳನ್ನು ಎತ್ತಿಕೊಂಡು ಮನೆಗೆ ಬಂದಳು. ನಾಚಿಕೆ, ಸಿಟ್ಟು, ಅಳು ಮೂರೂ ಒಟ್ಟಿಗೇ ಬಂದವು.

"ಯಾಕೆ ಹೊಡೆದೆ ಅವರಿಗೆ?"

"ಬಗ್ಗಿದ್ರು," ಎಂದಿತು ಕೂಸು.

"ಬಗ್ಗಿದ್ರೆ ಹೊಡೀಬೇಕಾ?"

"ಹೂಂ. ಬಗ್ಗಿದ್ರೆ ಢಂ."

"ನೋಯಲ್ವಾ ಅವರಿಗೆ?"

"ನೋಯಲ್ಲ. ಆನೇಗೆ ನೋಯಲ್ಲ. ಆನೆ ಅಳಲ್ಲ."

"ಆ ಆನೆ ನಾನೇ ಕಣೇ ಕಂದ. ಒಳಗಡೆ ನಾನಿರ್ತೀನಿ."

ಪಟಾಕಿ ಅಮ್ಮನನ್ನು ಕೆಳಗಿಂದ ಮೇಲಿನವರೆಗೆ ನೋಡಿತು. ಸೊಂಡಿಲಿಲ್ಲ, ಬಾಲವಿಲ್ಲ. "ಸುಳ್ಳಿ," ಎಂದು ತೀರ್ಪು ಕೊಟ್ಟು ಆಟಕ್ಕೆ ಹೋಯಿತು.

ಹಿಂಗಾಲು ಅಲ್ಲೇ ಗೋಡೆಗೊರಗಿ ನಿಂತಳು. ತನ್ನ ಮೈಮೇಲೆ ಬೀಳುವ ಏಟಿನಿಂದಲೇ ತನ್ನ ಮಗಳು ಇದನ್ನು ಕಲಿತಳಲ್ಲ ಎಂಬುದು ಅವಳಿಗೆ ಸೌಟಿಗಿಂತ ಜೋರಾಗಿ ಬಿದ್ದಿತ್ತು. ಬೇರೇನೂ ಬೇಡ, ಆ ಢಂ ಒಂದು ನಿಲ್ಲಬೇಕು. ಹೇಗೆ ಎಂಬುದೇ ಗೊತ್ತಿಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ಕಿರುಚಾಟ. "ಅಯ್ಯಯ್ಯೋ ಸತ್ತೇ! ಯಾವಳೇ ಅದು!" ಅತ್ತೆ ಒಲೆಯ ಕೆಳಗೆ ಬಿದ್ದ ಮುಚ್ಚಳ ಹುಡುಕಲು ಬಗ್ಗಿದ್ದಳು. ಪಟಾಕಿ ತನ್ನ ಧರ್ಮ ತಾನು ಪಾಲಿಸಿತ್ತು. ಅತ್ತೆ ಸೊಂಟ ಹಿಡಿದುಕೊಂಡು ಗಿರಗಿರನೆ ಸುತ್ತುತ್ತಿದ್ದಳು. ಸೊಸೆ ಬಾಗಿಲಲ್ಲಿ ನಿಂತು ನೋಡಿದಳು. ನಗಬಾರದೆಂದು ತುಟಿ ಕಚ್ಚಿದಳು. ಆಗಲಿಲ್ಲ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ನಗ್ತೀಯಾ? ನಗು ನಗು. ಇಷ್ಟು ಚಿಕ್ಕ ಕೈಯಲ್ಲೇ ಹೀಗಿದೆ..." ಎಂದ ಅತ್ತೆ ಅಲ್ಲಿಗೇ ನಿಂತಳು. ಕಣ್ಣು ಸೊಸೆಯ ಸೊಂಟದ ಕಡೆ ಹೋಯಿತು. ಅಂದು ಊಟಕ್ಕೆ ಅತ್ತೆ ಸೊಸೆ ಇಬ್ಬರೂ ನಿಂತುಕೊಂಡೇ ಉಂಡರು.

ವಾರದ ಕೊನೆಗೆ ದೊಡ್ಡ ಸಭಾಂಗಣದಲ್ಲಿ ಆಟ. ಶೆಡ್ಡಿನೊಳಗಿನ ಆಟವಲ್ಲ, ಮಕ್ಕಳನ್ನು ಕರೆದುಕೊಂಡು ಅಪ್ಪ ಅಮ್ಮಂದಿರು ಕಿಕ್ಕಿರಿದು ಕೂರುವ ಆಟ. ಅದೇ ಹೊತ್ತಿಗೆ ಫೋನುಗಳಲ್ಲೂ ನೇರವಾಗಿ ತೋರಿಸುತ್ತಾರೆ, ಕತ್ತರಿಸುವ ಹಾಗಿಲ್ಲ, ತಿದ್ದುವ ಹಾಗಿಲ್ಲ. ಬಾಗಿಲಲ್ಲೇ ಹಳದಿ ಪ್ಲಾಸ್ಟಿಕ್ ಸೌಟುಗಳ ಮಾರಾಟ. ಒಳಗೆ ಬಂದ ಕೂಸುಗಳ ಕೈಯಲ್ಲೆಲ್ಲ ಒಂದೊಂದು ಸೌಟು. ಒಂದು ಸಣ್ಣ ದಂಡಯಾತ್ರೆಗೆ ಹೊರಟ ಹಾಗಿತ್ತು.

ಪರದೆಯ ಹಿಂದೆ ಮಾಮ ಆಜ್ಞೆ ಕೊಡುತ್ತಿದ್ದ. "ಇವತ್ತು ಢಂ ನನ್ನದೊಂದೇ ಅಲ್ಲ. ಮಕ್ಕಳೇ ಸಾಲಾಗಿ ವೇದಿಕೆ ಮೇಲೆ ಬರ್ತಾರೆ, ಒಬ್ಬೊಬ್ಬರೂ ಒಂದೊಂದು ಹೊಡೀತಾರೆ. ದೊಡ್ಡ ಮನೆ ಮಕ್ಕಳು ಮೊದಲು ನಾಚ್ಕೋತವೆ, ಅದಕ್ಕೆ ಒಂದು ಚೂಟಿ ಮಗು ಮುಂದೆ ಬಿಡ್ತೀವಿ." ಅತ್ತೆಯ ಕಡೆ ತಿರುಗಿದ. "ನಿನ್ನ ಮೊಮ್ಮಗಳೇ ಅದು. ಮೇಡಂ ಕರೆಸಿದಾರೆ. ಮೊದಲ ಏಟು ಅವಳದು."

"ಬೇಡ ಸಾರ್," ಎಂದಳು ಹಿಂಗಾಲು. "ಬೇರೆ ಯಾವ ಮಗುನಾದ್ರೂ ಬಿಡಿ. ಅವಳು ಬೇಡ. ಕಾಲು ಹಿಡ್ಕೋತೀನಿ."

"ಒಳಗೆ ನೀನಿದೀಯ ಅಂತ ಅದಕ್ಕೇನು ಗೊತ್ತು? ಹತ್ತು ಒಳಗೆ, ಬಾಯಿ ಮುಚ್ಚು."

ಜಿಪ್ಪು ಜರ್ರೆಂದು ಮುಚ್ಚಿತು. ಹಾಡು ಶುರುವಾಯಿತು. ಆನೆ ವೇದಿಕೆಗೆ ಬಂತು, ಮಕ್ಕಳ ಕೂಗಿಗೆ ಛಾವಣಿ ಹಾರಿಹೋಗುವುದೊಂದು ಬಾಕಿ.

"ಎಡಕ್ಕೆ ಬಾ," ಎಂದಳು ಅತ್ತೆ. ಸ್ವಲ್ಪ ಹೊತ್ತಿನ ಮೇಲೆ, "ಅಯ್ಯೋ, ಇಲ್ಲೇ ನಿಂತಿದೆ ಕಣೇ ನಮ್ಮದು. ಹೊಸ ಫ್ರಾಕು ಹಾಕಿದಾರೆ. ಮೈಕು ಬೇರೆ ಸಿಕ್ಕಿಸಿದಾರೆ ಕೊರಳಿಗೆ." ಆಮೇಲೆ, "ಸೌಟು ಎತ್ಕೊಂಡು ಬರ್ತಾ ಇದೆ."

ಥಕಥೈ ಕುಣಿ ಜಾಣ ಆನೆ. ಹಿಂಗಾಲು ಅತ್ತೆಯ ಬೆಲ್ಟನ್ನು ಗಟ್ಟಿಯಾಗಿ ಹಿಡಿದಳು. ಬಗ್ಗಿ ನಿಂತ ಸೋಮಾರಾನೆ, ಎನ್ನುತ್ತಿದ್ದ ಹಾಗೇ ಬೆಲ್ಟು ಬಿಟ್ಟಳು, ಮೊಣಕಾಲು ಮಡಚಿದಳು, ದೊಪ್ಪನೆ ನೆಲದ ಮೇಲೆ ಕೂತುಬಿಟ್ಟಳು.

ಮುಂದಿನ ಅರ್ಧ ಆನೆ ನಿಂತಿತ್ತು, ಹಿಂದಿನ ಅರ್ಧ ಕೂತಿತ್ತು. ಹೊಡೆಯಲು ಜಾಗವೇ ಇರಲಿಲ್ಲ. ಪಟಾಕಿ ಸೌಟು ಎತ್ತಿಕೊಂಡು ಆನೆಯನ್ನು ಒಂದು ಸುತ್ತು ಬಂದು ಹುಡುಕಿತು. ಹಾಡು ಮುಗಿದು ಮತ್ತೆ ಮೊದಲಾಯಿತು.

"ಏಳೇ," ಪಿಸುಗುಟ್ಟಿದಳು ಅತ್ತೆ. "ಎಲ್ಲರೂ ನೋಡ್ತಿದಾರೆ. ಏಳೇ ನಮ್ಮವ್ವ."

"ಏಳಲ್ಲ. ಏನು ಮಾಡ್ಕೋತಾನೋ ಮಾಡ್ಕೊಳ್ಳಲಿ. ನನ್ನ ಮಗಳ ಕೈಲಿ ಹೊಡೆಸ್ಕೊಳ್ಳಲ್ಲ."

"ಓಹೋ! ಆನೆಗೆ ಸುಸ್ತಾಗಿದೆ ಮಕ್ಕಳೇ!" ಮಾಮನ ಜೇನು ಸುರಿಯಿತು. ಬಾಲ ಹಿಡಿದು ಎಳೆದ. ಬಾಲ ಕೈಗೇ ಬಂತು. ಮಕ್ಕಳು ಬಿದ್ದು ಬಿದ್ದು ನಕ್ಕವು. ಮಾಮ ಆನೆಯ ಬೆನ್ನ ಮೇಲೆ ಬಗ್ಗಿ, ನಗುಮುಖದಲ್ಲೇ ಹಲ್ಲು ಕಡಿದ: "ಏಳ್ತೀಯೋ ಸೊಂಟ ಮುರೀಲೋ, ಬೋಳಿ?" ಎಂದು ಮರದ ಸೌಟಿನಿಂದ ಬಟ್ಟೆಯಡಿಯ ಬೆನ್ನುಮೂಳೆಗೆ ನೇರ ಬಿಟ್ಟ.

"ಅಯ್ಯೋ ಅಮ್ಮಾ!"

ಆನೆ ಈವರೆಗೆ ಎಂದೂ ಮಾತಾಡಿರಲಿಲ್ಲ. ಯಾರೋ ಹಾಡು ನಿಲ್ಲಿಸಿದರು. ಪಟಾಕಿ ಸೌಟು ಕೆಳಗೆ ಹಾಕಿ ಆನೆಯ ಹೊಟ್ಟೆಗೆ ಕಿವಿ ಇಟ್ಟಿತು.

"ಅಮ್ಮ?" ಎಂದಿತು. ಕೊರಳಿನ ಮೈಕು ಅದನ್ನು ಮೂಲೆಮೂಲೆಗೂ ಮುಟ್ಟಿಸಿತು. "ಅಮ್ಮ, ನೀನು ಒಳಗಿದೀಯಾ?"

ಒಳಗಿನಿಂದ ಬಿಕ್ಕುವ ಸದ್ದು. ಪಟಾಕಿ ಓಡಿ ಮುಂದೆ ಬಂದು ಆನೆಯ ಬಾಯೊಳಗೆ ಇಣುಕಿ ನೋಡಿತು.

"ಅಜ್ಜೀ! ನೀನೂ ಇದೀಯಾ? ಆನೆ ನಿಮ್ಮಿಬ್ರನ್ನೂ ತಿಂದ್ಬಿಡ್ತಾ?"

ಅತ್ತೆ ಮೊಮ್ಮಗಳ ಮುಖ ನೋಡಿದಳು. ಆಚೆ ನಿಂತು ಕೈಸನ್ನೆ ಮಾಡುತ್ತಿದ್ದ ಮಾಮನನ್ನು ನೋಡಿದಳು. ಹಿಂದೆ ಸೊಸೆಯ ಉಸಿರು ಕಿತ್ತುಕೊಂಡು ಬರುತ್ತಿರುವುದು ಅವಳ ಸೊಂಟಕ್ಕೇ ತಾಗುತ್ತಿತ್ತು. ಬದುಕಿನುದ್ದಕ್ಕೂ ಕೈಮುಗಿದೇ ಬಂದ ಹೆಂಗಸು ಅವಳು. ಈಗ ಮುಗಿಯೋಣವೆಂದರೆ ಕೈಗಳು ಆನೆಯ ಹೊಟ್ಟೆಯೊಳಗೆ ಸಿಕ್ಕಿಕೊಂಡಿದ್ದವು.

"ಹೂಂ ಕಣೇ ಕಂದ," ಎಂದಳು ಮೈಕಿಗೆ ಬಾಯಿ ಕೊಟ್ಟು. "ತಿಂದ್ಬಿಟ್ಟಿದೆ. ನಾನು ಮುಂದೆ ಇದೀನಿ, ನಿಮ್ಮಮ್ಮ ಹಿಂದೆ ಇದಾಳೆ. ಮಾಮ ಹೊಡೆದನಲ್ಲ, ಅದು ನಿಮ್ಮಮ್ಮನಿಗೇ ಬಿತ್ತು. ದಿನಾ ಬೀಳುತ್ತೆ."

ಮುಂದಿನ ಸಾಲಿನಲ್ಲಿ ಒಂದು ಕೂಸು ಬಾಯಿ ಸೊಟ್ಟ ಮಾಡಿತು. ಅದನ್ನು ನೋಡಿ ಇನ್ನೊಂದು. ನೋಡನೋಡುತ್ತಿದ್ದಂತೆ ಇಡೀ ಸಭಾಂಗಣವೇ ಅಳಲು ತಯಾರಾಯಿತು. ಅಪ್ಪ ಅಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಡಂ ಪರದೆಯ ಪಕ್ಕದಲ್ಲಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದರು. ಮಾಮ ಕ್ಯಾಮೆರಾದವನಿಗೆ ನಿಲ್ಲಿಸು ನಿಲ್ಲಿಸು ಎಂದು ಕಣ್ಣಲ್ಲೇ ಬೇಡುತ್ತಿದ್ದ. ಕ್ಯಾಮೆರಾದವನಿಗೆ ಅದು ಯಾಕೋ ಕಾಣಲೇ ಇಲ್ಲ.

"ಅಳಬೇಡಿ ಮಕ್ಕಳಾ, ಅಳಬೇಡಿ," ಎಂದಳು ಅತ್ತೆ, ಮೊಮ್ಮಗಳನ್ನು ರಮಿಸುವ ದನಿಯಲ್ಲಿ. "ಇದು ಆಟ ಅಲ್ವಾ? ಆಟ ಅಂದಮೇಲೆ ಎಲ್ಲರಿಗೂ ಸರದಿ ಬರಬೇಕು ತಾನೆ? ಆನೆ ಬಗ್ಗಿದ್ದಾಯ್ತು. ಈಗ ಯಾರ ಸರದಿ ಹೇಳಿ ನೋಡೋಣ?"

ಮೊದಲು ಹೊಳೆದದ್ದು ಪಟಾಕಿಗೆ.

"ಮಾಮಂದು!"

"ಮಾಮಂದು! ಮಾಮಂದು!" ಅಳು ಅಲ್ಲಿಗೇ ಬಿಟ್ಟುಹೋಯಿತು. ಸಣ್ಣ ಸಣ್ಣ ಕಾಲುಗಳು ನೆಲ ಬಡಿಯತೊಡಗಿದವು. "ಬಗ್ಗು ಮಾಮ! ಬಗ್ಗು ಮಾಮ!" ಅಪ್ಪಂದಿರಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಇದೂ ಕಾರ್ಯಕ್ರಮದ ಭಾಗವೇ ಎಂದು ಅವರು ತಿಳಿದಿದ್ದರು.

ಮಾಮ ನಕ್ಕ. ನಗದೆ ಬೇರೆ ದಾರಿಯಿರಲಿಲ್ಲ, ಅವನ ಹೆಸರೇ ಅದು. "ಮಾಮನಿಗೆ ಬೆನ್ನುನೋವು ಮಕ್ಕಳೇ..." ಎಂದು ಶುರುಮಾಡಿದ. "ಬಗ್ಗು! ಬಗ್ಗು!" ಕೂಗು ದುಪ್ಪಟ್ಟಾಯಿತು. ನೇರ ಪ್ರಸಾರದ ಕೆಂಪು ದೀಪ ಅವನ ಮುಖವನ್ನೇ ನೋಡುತ್ತಿತ್ತು. ಆನೆಯ ಹತ್ತಿರ ಬಂದು ಬಾಯಿಯ ಸಂದಿಗೆ ಉಸುರಿದ: "ಹೊರಗೆ ಬನ್ರೇ ಇಬ್ರೂ. ನಿಮ್ಮ ಚರ್ಮ ಸುಲೀತೀನಿ."

"ಆಮೇಲೆ ಸುಲೀವಿರಂತೆ," ಎಂದಳು ಅತ್ತೆ. "ಜಿಪ್ಪು ಹೊರಗಿದೆ, ನೀವೇ ಬಂದು ತೆಗೀಬೇಕು. ಮೊದಲು ಮಕ್ಕಳ ಮಾತು ನಡೆಸ್ಕೊಡಿ ಸ್ವಾಮಿ."

ಕತ್ತಲೆಯಲ್ಲಿ ಕೂತಿದ್ದ ಸೊಸೆ ಮುಖ ಒರೆಸಿಕೊಂಡು ಎದ್ದಳು. ಎದ್ದದ್ದು ಅವನ ಭಯಕ್ಕಲ್ಲ. ಕಾಲು ಒಮ್ಮೆ ಝಾಡಿಸಿ ಮರಗಟ್ಟಿದ್ದನ್ನು ಬಿಡಿಸಿಕೊಂಡಳು. ಅತ್ತೆಯ ಬೆಲ್ಟು ಹಿಡಿದಳು.

"ಹಾಂ, ಮೆಲ್ಲಗೆ ತಿರುಗು," ಎಂದಳು ಅತ್ತೆ. "ಇನ್ನೂ ತಿರುಗು. ಸಾಕು. ಈಗ ಹಿಂದಕ್ಕೆ ಒಂದು ಹೆಜ್ಜೆ ಇಡು. ಇನ್ನೊಂದು. ಈಗ ಅವನು ನಿನ್ನ ಬೆನ್ನ ಹಿಂದೇ ಇದಾನೆ. ಯಾವ ಕಾಲು ಗಟ್ಟಿ ನಿಂಗೆ?"

"ಬಲಗಾಲು ಅತ್ತೆ."

"ಅದನ್ನೇ ಎತ್ಕೋ."

ಹೊರಗೆ ಮಕ್ಕಳು ಹಾಡು ತಾವೇ ಎತ್ತಿಕೊಂಡಿದ್ದವು. ದಪ್ಪ ಮಾಮ, ದೊಗಳೆ ಮಾಮ. ಎಲ್ಲಕ್ಕಿಂತ ಎತ್ತರದಲ್ಲಿ ಪಟಾಕಿಯ ದನಿ.

"ಬಗ್ಗಿದ್ನಾ?" ಕೇಳಿದಳು ಸೊಸೆ.

ಅತ್ತೆ ಕತ್ತು ತಿರುಗಿಸಿ, ಆನೆಯ ಕಿವಿಯ ಹೊಲಿಗೆ ಬಿಟ್ಟಲ್ಲಿಂದ ನೋಡಿದಳು.

"ಬಗ್ತಾ ಇದಾನೆ ಕಣೇ. ನಗ್ತಾನೇ ಬಗ್ತಾ ಇದಾನೆ."

"ಬಿಡ್ಲಾ?"

"ತಡಿಯೇ," ಎಂದಳು ಅತ್ತೆ. "ಪೂರ್ತಿ ಬಗ್ಗಲಿ."